ಮಧ್ಯಾಹ್ನದ ಪೂಜೆ

ನನ್ನ ಮಗಳಿಗೆ ಸಿಟ್ಟಿನ ಗುಣ ಬಂದದ್ದು ನನ್ನಿಂದ, ನನಗೆ ಬಂದದ್ದು ನನ್ನ ಅಪ್ಪನಿಂದ. ಅಂಗಡಿಯಲ್ಲಿ ಹಮಾಲರ ಮೇಲೆ ನಾನು ಕೂಗಾಡಿದರೆ ನಮ್ಮ ಸಾಹುಕಾರರು ಖಡಕ್ ಅದಾರ ಎಂದು ಜನ ಮೆಚ್ಚುತ್ತಿದ್ದರು. ಅದೇ ಸಿಟ್ಟು ಹದಿನೈದರ ಮಗಳ ಮೂಗಿನ ತುದಿಗೆ ಬಂದು ಕುಳಿತಾಗ ಮಾತ್ರ, ಹೆಣ್ಣು ಹುಡುಗಿಗೆ ಇದು ಛಲೋ ಅಲ್ಲ ಎಂದು ಎಲ್ಲರಿಗಿಂತ ಮೊದಲು ಹೇಳಿದವನು ನಾನೇ.

ಹೋದ ವರ್ಷ ಅಮ್ಮಿನಬಾವಿಯಿಂದ ನನ್ನ ತಂಗಿಯ ಮನೆಯವರು ಬಂದಿದ್ದರು. ಬೈರಿದೇವರಕೊಪ್ಪದ ನಮ್ಮ ಪಡಸಾಲೆ ತುಂಬ ಬೀಗರು. ಅವರಲ್ಲಿ ಯಾರೋ ಮಗಳ ಓದಿನ ಬಗ್ಗೆ ಕೇಳಿದರು. ಗಣಿತದಲ್ಲಿ ಅವಳಿಗೆ ಬಂದ ಅಂಕ ಹೇಳಿ, ಇವಳ ಕೈಗೆ ತಕ್ಕಡಿ ಕೊಟ್ಟರೆ ಅಂಗಡಿ ಮುಳುಗಿತು ಅಂತ ತಿಳೀರಿ ಎಂದು ನಾನು ನಕ್ಕೆ. ಎಲ್ಲರೂ ನಕ್ಕರು. ಚಹಾ ತಂದು ನಿಂತಿದ್ದ ಅವಳು ಕಪ್ಪುಗಳ ಸಮೇತ ತಾಟನ್ನು ನೆಲಕ್ಕೆ ಒಗೆದಳು. ನಾನು ಎದ್ದು ಅವಳ ಕೆನ್ನೆಗೆ ಹೊಡೆದೆ.

ಅವಳು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಮರುದಿನ ಅವಳು ಸಾಲೆಗೆ ಹೋದಾಗ ನಾನು ಆ ಚಿಲಕವನ್ನೇ ಬಿಚ್ಚಿ ತೆಗೆದೆ. ಅಪ್ಪನಾದವನು ಹೀಗೇ ಮಾಡಬೇಕು ಅಂದುಕೊಂಡಿದ್ದೆ. ಮುಂದೆ ಎಂಟು ದಿನ ಅವಳು ನನ್ನ ಕೂಡ ಒಂದು ಮಾತೂ ಆಡಲಿಲ್ಲ. ನಾನು ಊಟಕ್ಕೆ ಕುಳಿತರೆ ಅವಳು ಏಳುತ್ತಿದ್ದಳು. ಇನ್ನು ಈ ಹುಡುಗಿ ನನಗೆ ದಕ್ಕುವುದಿಲ್ಲವೇನೋ ಎಂದು ಹೆದರಿದ್ದೆ, ಹೊರಗೆ ತೋರಿಸಿಕೊಳ್ಳಲಿಲ್ಲ ಅಷ್ಟೇ.

ಅವಳಿಂದ ವಿಷಯ ತಿಳಿದ ಸಾಲೆಯ ಟೀಚರು ನನ್ನನ್ನೂ ಹೆಂಡತಿಯನ್ನೂ ಕರೆಸಿದರು. ಸಿಟ್ಟು ಬಂದಾಗ ಅವಳನ್ನು ಸ್ವಲ್ಪ ಹೊತ್ತು ಒಬ್ಬಳನ್ನೇ ಬಿಡಿ, ಇಳಿದ ಮೇಲೆ ಏನು ನೋವಾಯಿತೆಂದು ಕೇಳಿ, ನಡುವೆ ಉಪದೇಶ ಮಾಡಬೇಡಿ ಅಂದರು. ನಾನು ತಲೆಯಾಡಿಸಿದೆ. ಆದರೆ ತಮ್ಮನ ಸಂಸಾರವೂ ಸೇರಿ ಒಂಬತ್ತು ಜನರಿರುವ ನಮ್ಮ ಮನೆಯಲ್ಲಿ ಒಬ್ಬರೇ ಇರುವುದೆಂದರೆ ಎಲ್ಲಿ? ಯಾರಾದರೂ ಸಿಟ್ಟಾದರೆ ನನ್ನ ಹೆಂಡತಿ ಚಹಾ ತರುತ್ತಾಳೆ, ತಮ್ಮನ ಹೆಂಡತಿ ಕೈ ಹಿಡಿದು ಕೂರುತ್ತಾಳೆ, ತಮ್ಮ ಬುದ್ಧಿ ಹೇಳುತ್ತಾನೆ, ಆಚೆ ಮನೆಯ ಕಾಕೂ ಸಕ್ಕರೆ ಕೇಳುವ ನೆವದಲ್ಲಿ ಇಣುಕುತ್ತಾರೆ. ಇಷ್ಟು ಪ್ರೀತಿಯಲ್ಲಿ ಉಸಿರಾಡುವುದು ಕಷ್ಟ. ಮನೆಗೆ ಬಂದು ಟೀಚರು ಅಂದದ್ದನ್ನೆಲ್ಲ ಹೇಳಿದೆ. ನಮ್ಮವ್ವ ದೀಪದ ಬತ್ತಿ ಹೊಸೆಯುತ್ತ ಕೇಳಿಸಿಕೊಂಡಳು.

ಆ ಭಾನುವಾರ ಮಗಳು ಗಬ್ಬೂರಿನ ಗೆಳತಿಯ ಮನೆಗೆ ಓದಲು ಹೋಗುತ್ತೇನೆಂದು ತಾಯಿಯ ಹತ್ತಿರ ಕೇಳುತ್ತಿದ್ದಳು. ಪೂರಾ ಕೇಳದೆ ನಾನು ನಡುವೆ ಬಾಯಿ ಹಾಕಿ ಬೇಡ ಅಂದೆ. ಅವಳು ನನ್ನ ಮೇಲೆ ಚೀರಿದಳು. ಎಂಟು ದಿನದ ಮೇಲೆ ನನಗೆ ಸಿಕ್ಕ ಮೊದಲ ಮಾತು ಅದು. ಚೀರಿ ಒಳಗೆ ಹೋದಳು. ಎರಡು ನಿಮಿಷ ತಡೆದುಕೊಂಡೆ, ಆಗಲಿಲ್ಲ, ಹಿಂದೆಯೇ ಹೋದೆ. ಅವಳ ಕೋಣೆ ಖಾಲಿ ಇತ್ತು. ದೇವರ ಮನೆಯ ಬಾಗಿಲಿಗೆ ಅಡ್ಡ ಮಣೆ ಹಾಕಿಕೊಂಡು ಅವ್ವ ಕುಳಿತಿದ್ದಳು.

"ನಿನ್ನ ಮಗಳು ಪೂಜಿಗೆ ಕುಂತಾಳ. ಮಾತಾಡಸಬ್ಯಾಡ," ಅಂದಳು.

ಅಂಗೈಯಲ್ಲಿ ಲಿಂಗ ಹಿಡಿದು ಕುಳಿತವರನ್ನು ನಮ್ಮಲ್ಲಿ ಯಾರೂ ಮಾತಾಡಿಸುವುದಿಲ್ಲ. ಎಂಥ ದೊಡ್ಡವರು ಮನೆಗೆ ಬಂದರೂ ಪೂಜೆ ಮುಗಿಯುವ ತನಕ ಕಾಯಬೇಕು. ಮಧ್ಯಾಹ್ನ ಮೂರು ಗಂಟೆಗೆ ಎಂಥ ಪೂಜೆ ಎಂದು ಕೇಳಲು ಬಾಯಿ ತೆರೆದೆ, ಅವ್ವ ಕಣ್ಣು ಕೆಕ್ಕರಿಸಿದಳು. ಬಂದು ಪಡಸಾಲೆಯಲ್ಲಿ ಕುಳಿತೆ. ಬಯ್ಯಬೇಕೆಂದು ಕೂಡಿಸಿಟ್ಟ ಮಾತುಗಳನ್ನು ಮನಸ್ಸಿನಲ್ಲೇ ನಾಲ್ಕು ಸಲ ಬಯ್ದೆ. ಐದನೆಯ ಸಲಕ್ಕೆ ಅವು ನನಗೇ ಬೇಸರ ತಂದವು. ಚಹಾ ಬಂತು, ಕುಡಿದೆ. ಮುಕ್ಕಾಲು ತಾಸು ಆಗಿರಬೇಕು.

ಮಗಳು ಹೊರಗೆ ಬಂದಳು. ಹಣೆಯ ತುಂಬ ವಿಭೂತಿ, ಕಣ್ಣು ಕೆಂಪು. ನನ್ನ ಎದುರಿಗೇ ನಿಂತಳು.

"ನೀವು ಹೊಡದದ್ದಕ್ಕ ಅಷ್ಟು ಸಿಟ್ಟಿಲ್ಲ ಅಪ್ಪಾ. ಎಲ್ಲಾರ ಮುಂದ ನಕ್ಕರಿ ನೋಡ್ರಿ, ಅದಕ್ಕ."

ಅವಳ ದನಿ ಏರಲಿಲ್ಲ. ನನಗೆ ನಾಚಿಕೆಯಾಯಿತು. ನಕ್ಕದ್ದೂ ತಪ್ಪು, ಹೊಡೆದದ್ದೂ ತಪ್ಪು ಎಂದೆ. ಹದಿನೈದು ವರ್ಷದಲ್ಲಿ ಅವಳಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಅವಳು ನಂಬಿದಳೋ ಇಲ್ಲವೋ, ಸಂಜೆ ನಾನು ಊಟಕ್ಕೆ ಕುಳಿತಾಗ ಮಾತ್ರ ಏಳಲಿಲ್ಲ.

ಸಿಟ್ಟು ಬಂದಾಗ ಹೀಗೆ ಪೂಜೆಗೆ ಕೂರುವುದನ್ನು ಅವಳಿಗೆ ಯಾರು ಹೇಳಿಕೊಟ್ಟರೆಂದು ಅವ್ವನನ್ನು ಕೇಳಿದೆ.

"ನಿಮ್ಮಪ್ಪಗ ಸಿಟ್ಟು ಬರತಿತ್ತು, ನನಗ ಬರತಿದ್ದಿಲ್ಲೇನು? ಅದನ್ನ ಎಲ್ಲಿ ಇಡಬೇಕಾಗಿತ್ತು ನಾ? ಪೂಜಿಗೆ ಕುಂದರತಿದ್ದೆ. ಶಿವಗ ಗೊತ್ತೈತಿ, ಬಿಡು."

ಸಣ್ಣವನಿದ್ದಾಗ ಅವ್ವನ ಪೂಜೆ ಕೆಲವು ದಿನ ಬಹಳ ಹೊತ್ತು ನಡೆಯುತ್ತಿತ್ತು. ನಮ್ಮವ್ವನಂಥ ಭಕ್ತೆ ಓಣಿಯಲ್ಲಿ ಇಲ್ಲ ಎಂದು ನಾನು ಗೆಳೆಯರ ಮುಂದೆ ಜಂಭ ಕೊಚ್ಚುತ್ತಿದ್ದೆ. ಆ ದಿನಗಳನ್ನು ಒಂದೊಂದಾಗಿ ನೆನೆದು ಅವ್ವನ ಮುಖ ನೋಡಲಾಗದೆ ಕುಳಿತೆ. ಮರುದಿನ ಅಂಗಡಿಗೆ ಹೋಗುವ ಮುಂಚೆ ಮಗಳ ಕೋಣೆಯ ಚಿಲಕವನ್ನು ನಾನೇ ಮತ್ತೆ ಕೂರಿಸಿದೆ.

ಹುಟ್ಟುಗುಣ ಅಷ್ಟು ಲಗೂ ಹೋಗುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಊಟದ ಹೊತ್ತಿಗೆ ನನಗೂ ತಮ್ಮನಿಗೂ ಮಾತಿಗೆ ಮಾತು ಬೆಳೆಯಿತು. ಕೈ ಎತ್ತುವುದಷ್ಟೇ ಬಾಕಿ ಇತ್ತು. ಎದ್ದು ಕೈ ತೊಳೆದು ದೇವರ ಮನೆಗೆ ಹೋಗಿ, ಎದೆಯ ಮೇಲಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕುಳಿತೆ. ಹಿಂದೆಯೇ ಬಂದ ತಮ್ಮನ ಹೆಜ್ಜೆಯ ಸಪ್ಪಳ ಬಾಗಿಲ ತನಕ ಬಂದು ನಿಂತಿತು. ಅಲ್ಲಿ ಮಣೆ ಎಳೆದು ಹಾಕಿದ ಸದ್ದು, ಅದರ ಹಿಂದೆಯೇ ಮಗಳ ದನಿ.

"ಕಾಕಾ, ಅಪ್ಪಾ ಪೂಜಿಗೆ ಕುಂತಾರ. ಆಮ್ಯಾಲೆ ಬರ್ರಿ."