ಒಂದೇ ಕೈಗೆ ಒದಗಿದ ಬಣ್ಣ

ಪ್ರಿಯರೇ, ಕೆಲಸವನ್ನು ಕೊಂಚ ಬದಿಗಿಟ್ಟು ಕಿವಿಗೊಡಿ. ಕಟ್ಟಿಹಾಕಿದಂತೆ ಬದುಕುವವರನ್ನೂ ಭಗವಂತನ ಕೃಪೆ ಹುಡುಕಿಕೊಂಡು ಬರುತ್ತದೆ. ಅದು ಒಬ್ಬನ ಬಳಿಗೆ ಬಂದ ಬಗೆಯನ್ನು ಹೇಳುತ್ತೇನೆ.

ಅಂಗಡಿಗಳಿಗೆ ನಾಮಫಲಕ ಬರೆಯುತ್ತಿದ್ದ ಅವನನ್ನು ಬೀದಿಯವರು ಬೋರ್ಡಣ್ಣ ಎನ್ನುತ್ತಿದ್ದರು. ಎಡಗೈಯಲ್ಲಿ ಹಿಡಿದ ಕೋಲಿನ ಮೇಲೆ ಬಲಗೈ ಊರಿ ಕುಂಚ ಎಳೆದನೆಂದರೆ ಗೆರೆ ದಾರ ಹಿಡಿದಂತೆ ಬರುತ್ತಿತ್ತು. ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದ ಅಕ್ಕನಿಗೆ ಮರೆವು ಕವಿದ ಮೇಲೆ ಆ ಕೋಲು ಮೂಲೆ ಸೇರಿತು. ಅಕ್ಕ ಎಲ್ಲರನ್ನೂ ಮರೆತಳು. ತಮ್ಮನ ಎಡಗೈಯನ್ನು ಮಾತ್ರ ಬಿಡಲಿಲ್ಲ. ಎಚ್ಚರವಿರುವಷ್ಟು ಹೊತ್ತೂ ಅದನ್ನು ಬಿಗಿಯಾಗಿ ಹಿಡಿದಿರುತ್ತಿದ್ದಳು.

ಮಂಚಕ್ಕೂ ಗೋಡೆಗೂ ನಡುವೆ ಕುರ್ಚಿ ತುರುಕಿಕೊಂಡು ಅವನು ದಿನವಿಡೀ ಕುಳಿತಿರಬೇಕು. ಕಿಟಕಿಯಾಚೆ ಪಕ್ಕದ ಮನೆಯ ಬೋಳು ಗೋಡೆ. 'ದೇವರೇ, ಈ ಕೈ ಬಿಡಿಸು' ಎಂದು ಒಮ್ಮೆ ಬೇಡಿಕೊಂಡ. ಅಕ್ಕ ಸಾಯಲಿ ಎಂದು ಬೇಡಿದಂತಾಯಿತಲ್ಲ ಎಂದು ಹೊಳೆದಾಗ ಬಲಗೈಯಿಂದ ಕೆನ್ನೆ ತಟ್ಟಿಕೊಂಡ.

ಅವನ ಮಗಳು ಪೆನ್ನು, ಪುಸ್ತಕ, ಬಣ್ಣ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಡಬ್ಬಿ ಒಡೆದು ಮಾರಾಟವಾಗದೆ ಉಳಿದ ಬಣ್ಣ, ಇದ್ದಿಲು, ಪೆನ್ಸಿಲ್, ಶಾಯಿಯ ಪೆನ್ನುಗಳನ್ನು ಯಜಮಾನರಿಂದ ಕೇಳಿ ತಂದಳು. ಜೊತೆಗೊಂದು ದಪ್ಪ ಹಾಳೆಯ ಪುಸ್ತಕ, ಅದು ಜಾರದಂತೆ ಹಿಡಿಯಲು ಕ್ಲಿಪ್ಪಿನ ರಟ್ಟು.

"ಅಪ್ಪಾ, ದಿನಕ್ಕೊಂದು ಪುಟ. ಒಂದೊಂದು ದಿನ ಇವುಗಳಲ್ಲಿ ಒಂದೊಂದನ್ನ ಹಿಡಿದು ಚಿತ್ರ ಬರಿ. ಕೆಳಗೆ ಹೇಗನ್ನಿಸ್ತು ಅಂತ ಹಾಕು."

"ಬೋರ್ಡ್ ಬರೆದು ಕೂದಲು ನೆರೆದೋನಿಗೆ ಡ್ರಾಯಿಂಗ್ ಕ್ಲಾಸಾ?"

"ನೆರೆದೋರಿಗೆ ಫೀಸಿಲ್ಲ. ಸೇರ್ಕೋ."

ಜಲವರ್ಣ ಹಿಡಿದ ದಿನ ಅಕ್ಕ ಜಗ್ಗಿದ ರಭಸಕ್ಕೆ ಲೋಟದ ನೀರು ಹಾಸಿಗೆಯ ಪಾಲಾಯಿತು. 'ಚೆಲುವೆ, ಆದರೆ ನಮ್ಮ ಮನೆಗೆ ಒಗ್ಗುವವಳಲ್ಲ' ಎಂದು ಬರೆದ. ಇದ್ದಿಲಿನ ಪುಟದಡಿಯಲ್ಲಿ, 'ಹೊದಿಕೆ ಕರಿಯಾಯಿತು, ಮಗಳಿಂದ ಬೈಸಿಕೊಂಡೆ.' ಪೆನ್ಸಿಲ್ಲಿನ ಮೊನೆ ಮುರಿಯಿತು. ಒಂದೇ ಕೈಯಲ್ಲಿ ಹೆರೆಯುವುದು ಹೇಗೆ?

ಶಾಯಿಯ ಪೆನ್ನು ಮಾತ್ರ ಹಳೆಯ ಹುರುಪು ತಂದಿತು. ನೀಳವಾದ ಗೆರೆಯೊಂದು ಇನ್ನೇನು ಮುಗಿಯಬೇಕು, ಅಕ್ಕ ಕೈ ಎಳೆದಳು. ಗೆರೆ ಸೊಟ್ಟಗಾಯಿತು. "ಬಿಡಕ್ಕ, ಒಂದು ಗಳಿಗೆ ಬಿಡು" ಎಂದು ಗದರಿ ಅವನು ಕೈ ಕಿತ್ತುಕೊಂಡ.

ಅಕ್ಕ ಗಾಬರಿಯಿಂದ ಅವನ ಮುಖವನ್ನೇ ನೋಡಿದಳು. "ಯಾರಪ್ಪಾ ನೀನು? ನನ್ ತಮ್ಮ ಚಿಕ್ಕೋನು, ಕೈ ತಪ್ಪಿಸ್ಕೊಂಡ್ಬಿಟ್ಟ. ಈ ಜಾತ್ರೆ ಜನದಲ್ಲಿ ಎಲ್ಲಿ ಅಂತ ಹುಡುಕ್ಲಿ?"

ಅವನಿಗೆ ಈಗ ತಿಳಿಯಿತು. ಅವಳು ಅವನನ್ನು ಸೆರೆ ಹಿಡಿದಿರಲಿಲ್ಲ, ಕಳೆದುಹೋಗದಂತೆ ಕಾಯುತ್ತಿದ್ದಳು. "ಸಿಕ್ಕಿದನಕ್ಕ, ಇಲ್ಲೇ ಇದ್ದಾನೆ" ಎಂದು ಕೈಯನ್ನು ಮತ್ತೆ ಅವಳ ಮುಷ್ಟಿಯೊಳಗಿಟ್ಟ. ಆ ದಿನದ ಪುಟದಡಿಯಲ್ಲಿ ಏನನ್ನೂ ಬರೆಯಲಿಲ್ಲ.

ಮರುದಿನ ಉಳಿದಿದ್ದುದು ಆಯಿಲ್ ಪೇಸ್ಟಲ್ ಎಂಬ ಎಣ್ಣೆಬಣ್ಣದ ಕಡ್ಡಿಗಳ ಮೊಂಡು ತುಂಡುಗಳು. ನೀರು ಬೇಡ, ಮೊನೆ ಬೇಡ. ತನ್ನ ಕೈಯನ್ನು ಹಿಡಿದ ಅವಳ ಕೈಯನ್ನೇ ಬರೆಯತೊಡಗಿದ. ಅವಳು ಜಗ್ಗಿದಳು, ಗೆರೆ ಅದುರಿತು, ಅದುರಿದ ಗೆರೆ ಚರ್ಮದ ಸುಕ್ಕಿನಂತೆ ಕುಳಿತಿತು. ಅದೇ ಬಲಗೈಯ ಕಿರುಬೆರಳಿನಿಂದ ತೀಡಿದರೆ ಕಂದುಬಣ್ಣ ಮೆತ್ತಗೆ ಹರಡಿತು. ನೇರ ಗೆರೆಯೇ ತನ್ನ ಬಾಳೆಂದು ನಂಬಿದ್ದವನು ಕೆಳಗೆ ಬರೆದ: 'ಇದು ನನ್ನದು.'

ಸಂಜೆ ಮಗಳೆಂದಳು, "ಅತ್ತೆಗೆ ನಿದ್ದೆ ಬಂದಿದೆ, ಹತ್ರ ನಾನು ಕೂತ್ಕೋತೀನಿ, ಒಂದು ಸುತ್ತು ಹೋಗಿ ಬಾ."

"ಹೋಗ್ತೀನಿ. ನಾಳೆ ಬರೋವಾಗ ಈ ಕಂದು ಕಡ್ಡಿ ಎರಡು ತಾ. ಬೇರೇನೂ ಬೇಡ."

ಕೋಣೆ ಹಿಗ್ಗಲಿಲ್ಲ. ಕೆಲವು ಮಧ್ಯಾಹ್ನ ಈಗಲೂ ಅವನಿಗೆ ಉಸಿರುಗಟ್ಟುತ್ತದೆ. ಆದರೆ ಕೈ ಬಿಡಿಸೆಂದು ಅವನು ಮತ್ತೆ ಬೇಡಿಲ್ಲ.

ಪ್ರಿಯರೇ, ನೀವೂ ಒಂದು ಖಾಲಿ ಪುಸ್ತಕ ತೆರೆಯಿರಿ. ಕೈಗೆ ಬಂದ ಬಣ್ಣವನ್ನೆಲ್ಲ ಪರೀಕ್ಷಿಸಿ, ಕೆಳಗೆ ನಿಜವನ್ನೇ ಬರೆಯಿರಿ. ಬಿಡುವಾಗಲಿ ಎಂದು ಕಾಯದೆ ಇಂದೇ ಮೊದಲ ಪುಟವನ್ನು ಕೊಳೆ ಮಾಡಿ.