ಬಾಗಿಲ ತಗಡಿನ ಮೇಲೆ ಒಂದು ತಾರೀಖು

ಅಂಕಲ್‌ರ ಬಲಗೈ ಹೆಬ್ಬೆರಳ ತುದಿ ಸದಾ ಬೂದುಬಣ್ಣ. ಎಷ್ಟು ಸೋಪು ಹಚ್ಚಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ಪೆನ್ಸಿಲ್ ಪುಡಿಯ ಮಿನುಗು ಉಳಿದೇ ಇರುತ್ತಿತ್ತು. ಅದೇ ಕೈಯಿಂದ ಚಕ್ಕುಲಿ ಎತ್ತಿಕೊಂಡರೆ ಆಂಟಿ, "ಕೈ ತೊಳ್ಕೊಂಡ್ ಬನ್ರೀ, ಯಾವ್ದೋ ಕಾರಿನ ಕೊಳೆ ಹೊಟ್ಟೆಗೆ ಹೋಗತ್ತೆ" ಎಂದು ಎಬ್ಬಿಸುತ್ತಿದ್ದರು. ಅಂಕಲ್ ಎದ್ದು ಹೋಗಿ ತೊಳೆದುಕೊಂಡು, ಅದೇ ಬೂದು ಬೆರಳಿನೊಡನೆ ವಾಪಸಾಗುತ್ತಿದ್ದರು.

ಬುಕಿತ್ ಬಾಟೋಕ್‌ನಲ್ಲಿ ಅವರದೂ ನನ್ನದೂ ಒಂದೇ ಮಹಡಿ, ಎದುರುಬದುರು ಮನೆ. ಒನ್-ನಾರ್ತ್‌ನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಟೆಸ್ಟರ್ ಆಗಿ ನಾನು ಮೈಸೂರಿನಿಂದ ಈ ದೇಶಕ್ಕೆ ಬಂದ ಹೊಸತು. ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಅಮ್ಮನೊಡನೆ ಜಗಳವಾಡುತ್ತಿದ್ದೆ. ಬಾಗಿಲು ತೆರೆದು ಇಣುಕಿದ ಅಂಕಲ್, "ಜಗಳ ಆಮೇಲ್ ಕಂಟಿನ್ಯೂ ಮಾಡಮ್ಮ, ಬಿಸಿಬೇಳೆಬಾತ್ ಆರಿ ಹೋಗತ್ತೆ" ಎಂದರು. ಆ ದಿನದಿಂದ ಭಾನುವಾರದ ಊಟ ಅವರ ಮನೆಯಲ್ಲೇ.

ಬೆಂಗಳೂರಿನಲ್ಲಿದ್ದಾಗ ಅವರು ವಿಮಾ ಕಂಪನಿಯ ಪರವಾಗಿ ವಾಹನ ತಪಾಸಣೆ ಮಾಡುತ್ತಿದ್ದರು. ಅಲ್ಲಿ ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ರೂಢಿ. ಆಮೇಲೆ ಇಲ್ಲಿಗೆ ಬಂದು, ತಂಜಾಂಗ್ ಪಗಾರ್‌ನ ಆಫೀಸಿನಲ್ಲಿ ಕೂತು ನಿವೃತ್ತರಾಗುವವರೆಗೆ ಅವರ ಕೆಲಸವೆಲ್ಲ ಕಂಪ್ಯೂಟರಿನಲ್ಲೇ ನಡೆಯಿತು. ಪೆನ್ಸಿಲ್ ಮಾತ್ರ ಕೈಬಿಡಲಿಲ್ಲ. ದೊಡ್ಡ ಎಂಜಿನ್ನಿನ ಹಳೆಯ ಅಮೆರಿಕನ್ ಮಸಲ್ ಕಾರುಗಳೆಂದರೆ ಅವರಿಗೆ ಹುಚ್ಚು. ಸ್ವಂತಕ್ಕೆ ಕಾರಿರಲಿಲ್ಲ, ಓಡಾಟವೆಲ್ಲ ಬಸ್ಸು, ಎಂಆರ್‌ಟಿ ರೈಲು. ಆದರೆ ಯಾರಾದರೂ ಅಂಥ ಕಾರಿನ ನಂಬರ್ ಕೊಟ್ಟರೆ ಸಾಕು, ಜಾತಕ ಬಿಡಿಸಿದ ಹಾಗೆ ಬಿಡಿಸುತ್ತಿದ್ದರು. ಅದರಲ್ಲೂ ಓಡುವ ಕುದುರೆಯ ಗುರುತಿನ ಕಾರುಗಳ ನಂಬರಿನಲ್ಲಿ ಮೊದಲ ಅಂಕೆ ವರ್ಷ, ಮುಂದಿನ ಅಕ್ಷರ ಕಾರ್ಖಾನೆ, ಆಮೇಲೆ ಬಾಡಿ, ಐದನೆಯದು ಎಂಜಿನ್. "ನಂಬರ್ ಎಷ್ಟು ಹೇಳತ್ತೋ ಅಷ್ಟೇ ಕೇಳಿಸ್ಕೋಬೇಕು. ನಮ್ಮ ಆಸೇನೆಲ್ಲ ಅದರ ಬಾಯಿಗೆ ತುರುಕಬಾರದು" ಎನ್ನುತ್ತಿದ್ದರು. ನನ್ನ ಆಫೀಸಿನ ಕೆಲಸಕ್ಕೂ ಆ ಮಾತು ಎಷ್ಟೋ ಸಲ ಒದಗಿದೆ.

ಹಳೆಯ ಕಾರಿನ ಹುಚ್ಚರು ಸೇರುವ ವೆಬ್‌ಸೈಟೊಂದರಲ್ಲಿ ಅವರು ವರ್ಷಗಟ್ಟಲೆ ಬಿಟ್ಟಿ ಪಾಠ ಹೇಳಿದರು. ಯಾವುದೋ ದೇಶದವರು ಕೇಳುವುದು, ಇವರು ಕೂತು ಉದ್ದುದ್ದ ಉತ್ತರ ಬರೆಯುವುದು. ಆಂಟಿಯ ದೂರು ಒಂದೇ. "ಅಮೆರಿಕದಲ್ಲಿ ಯಾವ್ ಕಾರು ಯಾವತ್ತು ಹುಟ್ತು ಅಂತ ಬಾಯಿಪಾಠ. ಮದ್ವೆ ಆಗಿದ್ ದಿನ ಮಾತ್ರ ಒಂದ್ ವರ್ಷಾನೂ ನೆನಪಿಲ್ಲ." ಅಂಕಲ್ ಕೇಳಿಸದವರಂತೆ ಪೆನ್ಸಿಲ್ ಚೂಪು ಮಾಡುತ್ತಿದ್ದರು.

ನನ್ನ ಭಾವ, ಅಂದರೆ ಅಕ್ಕನ ಗಂಡ, ಇಲ್ಲಿಯೇ ಬ್ಯಾಂಕಿನಲ್ಲಿದ್ದಾರೆ. ಕಾಲೇಜಿನಿಂದಲೂ ಅವರಿಗೆ ಅಂಥ ಒಂದು ಕಾರಿನ ಕನಸು. ನಮ್ಮ ಬುಕಿತ್ ಬಾಟೋಕ್‌ನ ವರ್ಕ್‌ಶಾಪಿನಲ್ಲೇ ಒಂದು ಮಾರಾಟಕ್ಕಿದೆ ಎಂದು ತಿಳಿದಾಗ, ಅಂಕಲ್‌ರನ್ನು ಕರೆದುಕೊಂಡು ಹೋಗೋಣವೆಂದವಳು ನಾನೇ.

ಕಾರು ಕಡುನೀಲಿ, ನೋಡಿದರೆ ಆಸೆಯಾಗಬೇಕು. ಅಂಕಲ್ ಬಾನೆಟ್ ತೆಗೆಸಿ, ಒಳಗಿನ ನಂಬರಿಗೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿದರು. ವರ್ಷ ಸರಿ, ಕಾರ್ಖಾನೆ ಸರಿ, ಎಂಜಿನ್ ಸರಿ. ಭಾವ ಮಗುವಿನ ಹಾಗೆ ನಗುತ್ತಿದ್ದರು. ಕೊನೆಗೆ ಅಂಕಲ್ ಬಾಗಿಲ ಅಂಚಿನ ಪುಟ್ಟ ತಗಡಿನ ಪಟ್ಟಿಗೆ ಬಗ್ಗಿದರು. ಕಾರಿನ ಬಣ್ಣ, ಸೀಟು, ತಯಾರಾದ ದಿನ ಎಲ್ಲ ಇರುವುದು ಅದರಲ್ಲಿ. ದಿನಕ್ಕೆ ಅಂಕೆ, ತಿಂಗಳಿಗೆ ಇಂಗ್ಲಿಷ್ ಅಕ್ಷರ. ಅಲ್ಲಿ 'ಹದಿನೇಳು', ಪಕ್ಕದಲ್ಲಿ 'ಐ' ಅಕ್ಷರ ಇತ್ತು. ಅಂಕಲ್ ಅದನ್ನು ಬೆರಳಿನಿಂದ ಮುಟ್ಟಿದರು. ಅಚ್ಚು ತೆಗೆದರು, ಮತ್ತೊಂದು ಕಾಗದದಲ್ಲಿ ಇನ್ನೊಮ್ಮೆ ತೆಗೆದರು.

"ಈ ಕಾರು ಬೇಡಪ್ಪ" ಎಂದರು ಭಾವನಿಗೆ.

"ಯಾಕ್ ಅಂಕಲ್? ಎಲ್ಲಾ ಮ್ಯಾಚ್ ಆಯ್ತಲ್ಲ?"

"ಬೇಡ ಅಂದ್ನಲ್ಲ."

ಕಾರಣ ಮಾತ್ರ ಹೇಳಲಿಲ್ಲ. ಮನೆಗೆ ಬಂದ ಮೇಲೆ ಭಾವ ನನ್ನ ಮೇಲೆ ಹರಿಹಾಯ್ದರು. "ತಾನು ಲೈಫಲ್ಲಿ ಒಂದ್ ಕಾರ್ ತಗೊಳ್ಲಿಲ್ಲ, ಬೇರೆಯೋರು ತಗೊಂಡ್ರೆ ಹೊಟ್ಟೆಕಿಚ್ಚು. ಶನಿವಾರ ಸೈನ್ ಮಾಡ್ತೀನಿ, ನೋಡ್ತಾ ಇರು." ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಮರುದಿನ ಸಂಜೆ ನಾನು ಆಫೀಸಿನಿಂದ ಬರುವಾಗ ಅಂಕಲ್ ನಮ್ಮ ಕಟ್ಟಡದ ಕೆಳಗೆ, ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಕೈಯಲ್ಲಿ ಆ ಎರಡು ಕಾಗದ. ಪಕ್ಕದಲ್ಲಿ ಕೂತೆ.

"ಆ ಕಾರ್ಖಾನೆಯೋರು ತಿಂಗಳಿಗೆ 'ಐ' ಅಕ್ಷರ ಬಳಸ್ತಾನೇ ಇರ್ಲಿಲ್ಲಮ್ಮ. ಒಂದರ ಅಂಕೆ ಥರ ಕಾಣತ್ತೆ ಅಂತ ಬಿಟ್ಟಿದ್ರು. ಆಗಸ್ಟ್‌ಗೆ 'ಎಚ್', ಸೆಪ್ಟೆಂಬರ್‌ಗೆ ಸೀದಾ 'ಜೆ'. ಈ ಪಟ್ಟಿ ನಕಲಿ, ಅಂದ್ರೆ ಕಾರಿಗೆ ಹೇಳ್ತಿರೋ ಬೆಲೆಯೂ ಸುಳ್ಳು."

"ಹಾಗಂತ ಭಾವಂಗೆ ಹೇಳ್ಬಹುದಿತ್ತಲ್ಲ ಅಂಕಲ್?"

"ಯಾರೋ ಕೇಳಿದ್ರು ಅಂತ ವೆಬ್‌ಸೈಟಲ್ಲಿ ಈ ಪಾಠ ಬರೆದೋನು ನಾನೇ. ಅವಸರದಲ್ಲಿ 'ಐ' ಬಿಡೋದನ್ನ ಮರೆತು, ಸೆಪ್ಟೆಂಬರ್‌ಗೆ ಅದನ್ನೇ ಬರೆದೆ. ಉದಾಹರಣೆಗೆ ಅಂತ ಒಂದು ದಿನಾನೂ ಕೊಟ್ಟಿದ್ದೆ. ಹದಿನೇಳು, 'ಐ'. ಅದನ್ನೇ ಹಂಗಂಗೇ ಒತ್ತಿದಾರೆ. ಮೇಲೆ ತುಕ್ಕಿನ ಬಣ್ಣ ಬೇರೆ ಬಳಿದಿದಾರೆ." ಅವರು ಆ ಎರಡೂ ಕಾಗದ ಮಡಚಿದರು. "ನಾನು ಹೇಳ್ಕೊಟ್ಟಿದ್ದನ್ನೇ ಕಲಿತು ಮೋಸ ಮಾಡಿದಾರೆ ಕಣಮ್ಮ. ಕಾರಣ ಹೇಳಿದ್ರೆ ನನ್ನ ಮಾನ ಹೋಗತ್ತೆ. ಹೇಳ್ದಿದ್ರೆ ನಿಮ್ ಭಾವ ಹಳ್ಳಕ್ಕೆ ಬೀಳ್ತಾನೆ."

ಅಷ್ಟು ಹೊತ್ತಿನ ಸಿಟ್ಟೆಲ್ಲ ಇಳಿದು, ಅವರ ಬೂದು ಬೆರಳನ್ನೇ ನೋಡುತ್ತಾ ಕೂತೆ.

ಶುಕ್ರವಾರ ಸಂಜೆ ಭಾವನನ್ನು ತಮ್ಮ ಮನೆಗೇ ಕರೆಸಿದರು. ಲ್ಯಾಪ್‌ಟಾಪಿನಲ್ಲಿ ತಮ್ಮ ಹಳೆಯ ಉತ್ತರ ತೆರೆದು, ಪಕ್ಕದಲ್ಲಿ ಪೆನ್ಸಿಲ್ ಅಚ್ಚು ಇಟ್ಟರು. "ನೋಡಪ್ಪ, ತಪ್ಪು ನಂದು. ಅದು ನಿನಗೆ ತಟ್ಟಬಾರದು."

ಭಾವ ಎರಡನ್ನೂ ನೋಡಿದರು. "ಇದೇ ಡೇಟ್ ಯಾಕೆ ಅಂಕಲ್? ಬೇರೆ ಯಾರಾದ್ರೂ ಬರ್ದಿರ್ಬಹುದಲ್ಲ?"

"ಬೇರೆ ಯಾರೂ ಬರೆಯಲ್ಲ. ನಮ್ಮ ಮದುವೆ ದಿನ ಅದು. ಉದಾಹರಣೆ ಅಂದಾಗ ಕೈಗೆ ಬಂದಿದ್ದು ಅದೇ."

ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ಆಂಟಿ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಕಾಫಿ ಕೊಟ್ಟು ಒಳಗೆ ಹೋದರು.

ಭಾವ ಕಾರು ಕೊಳ್ಳಲಿಲ್ಲ. ಆದರೆ ಹೊರಡುವಾಗ, "ನಿಮ್ಮಂಥೋರಿಂದ ಕಲ್ತೋರೇ ಹಿಂಗ್ ಮಾಡಿದ್ರೆ ಯಾರನ್ನ ನಂಬೋದು ಅಂಕಲ್?" ಎಂದರು. ಕನಸು ಒಡೆದವರ ಮಾತು, ಬೇಕೆಂದು ಆಡಿದ್ದಲ್ಲ. ಅಂಕಲ್‌ಗೆ ಅದು ನಾಟಿತು. ಮಾರುವವನೂ ಆ ಕಾರನ್ನು ನಕಲಿ ಪಟ್ಟಿಯ ಸಮೇತವೇ ಕೊಂಡಿದ್ದನಂತೆ. ಪಟ್ಟಿ ಒತ್ತಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

ಅಂಕಲ್ ತಮ್ಮ ಉತ್ತರದ ತಲೆಯ ಮೇಲೆ, ಇದು ತಪ್ಪು, ತಪ್ಪು ಮಾಡಿದವನು ನಾನು ಎಂದು ದಪ್ಪಕ್ಷರದಲ್ಲಿ ಬರೆದರು. ಆಮೇಲೆ ಯಾರಿಗೂ ಪಾಠ ಹೇಳಲಿಲ್ಲ. ಬದಲಿಗೆ ದಿನಾ ಬೆಳಿಗ್ಗೆ ಜಗತ್ತಿನ ಕಾರು ಮಾರಾಟದ ಜಾಹೀರಾತುಗಳನ್ನೆಲ್ಲ ಜಾಲಾಡಿ, ಬಾಗಿಲ ಪಟ್ಟಿಯ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದರು. "ಇನ್ನೆಷ್ಟು ಕಾರಿಗೆ ಹೊಡೆದಿದಾರೋ" ಎನ್ನುವುದೊಂದೇ ಚಿಂತೆ. ಇನ್ನೊಂದು ಸಿಕ್ಕಿಯೂ ಸಿಕ್ಕಿತು. ಕೊಂಡವನಿಗೆ ಬರೆದರು, ಉತ್ತರ ಬರಲಿಲ್ಲ. ಅದನ್ನು ಬಿಟ್ಟುಬಿಡಿ ಎಂದು ನಾನು ಗದರಿದರೆ, "ನೀನು ಟೆಸ್ಟರ್, ನಿಂಗೇ ಅರ್ಥ ಆಗ್ಬೇಕು" ಎಂದರು. ವೆಬ್‌ಸೈಟಿನ ಪಾಸ್‌ವರ್ಡ್ ಅಂದೇ ನನ್ನ ಕೈಗೆ ಕೊಟ್ಟರು.

ಹೋದ ವರ್ಷ ಬೆಳಗಿನ ವಾಕಿಂಗ್ ಮುಗಿಸಿ ಬಂದು ಸೋಫಾ ಮೇಲೆ ಕೂತವರು ಮತ್ತೆ ಏಳಲಿಲ್ಲ. ಭಾವ ಬಂದು, ಅವರ ಕೈ ಹಿಡಿದುಕೊಂಡು ಅತ್ತರು.

ಆಫೀಸಿನಲ್ಲಿ ನಾನು ಗಮನಿಸದೆ ಬಿಟ್ಟ ತಪ್ಪಿಗೆ ಬೇರೆಯವರು ಸಿಕ್ಕಿಬಿದ್ದಾಗ, ಎದ್ದು ನಿಂತು ಇದು ನನ್ನದು ಎನ್ನುವ ಧೈರ್ಯ ಬರುವುದು ಅಂಕಲ್‌ರಿಂದಲೇ. ಹೇಳಿದರೆ ಹಗುರಾಗುತ್ತದೆ ಎನ್ನುವುದು ಮಾತ್ರ ಸುಳ್ಳು. ಅವರಿಗೆ ಆಗಲಿಲ್ಲ.

ಕಳೆದ ತಿಂಗಳು ಆ ವೆಬ್‌ಸೈಟಿನಲ್ಲಿ ಅಂಕಲ್ ಹೆಸರಿಗೇ ಒಂದು ಪ್ರಶ್ನೆ ಬಂತು. ಯಾವುದೋ ದೂರದೇಶದವನು ರಿಟೈರ್ ಆದ ಖುಷಿಗೆ ಕಾರು ಕೊಂಡಿದ್ದಾನೆ, ಇದರ ಕಥೆ ಹೇಳುತ್ತೀರಾ ಎಂದು ಕೇಳಿದ್ದಾನೆ. ಜೊತೆಗೆ ಬಾಗಿಲ ಪಟ್ಟಿಯ ಫೋಟೋ. ಹದಿನೇಳು, 'ಐ'. ಫೋನ್ ಹಿಡಿದು ಎದುರು ಮನೆಗೆ ಹೋದೆ.

ಆಂಟಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇದೇನಾ ಅದು?"

"ಇದೇ ಆಂಟಿ."

"ಪಾಪ, ಆ ಮನುಷ್ಯಂಗೆ ಏನಂತ ಬರೀತೀಯ?"

"ನಿಜಾನೇ ಬರೀಬೇಕಲ್ಲ."

"ಬರಿ. ತಪ್ಪು ನಮ್ಮನೆಯೋರದ್ದು ಅಂತಾನೂ ಬರಿ." ಸೆರಗಿನಿಂದ ಫೋನಿನ ಗಾಜು ಒರೆಸಿ ನನ್ನ ಕೈಗಿಟ್ಟರು. ನಾನು ಬಾಗಿಲು ದಾಟುವಾಗ ಕರೆದರು.

"ಆ ಫೋಟೋ ನಂಗೂ ಒಂದು ಕಳ್ಸು."