ದೋಷ ಕಂಡುಬಂದಿಲ್ಲ

ಕಾಕಾನ ಬಲ ಮುಂಗೈಯ ಒಳಬದಿಗೆ ಹಪ್ಪಳ ಉಬ್ಬಿದಂತೆ ಒಂದು ಸುಟ್ಟ ಕಲೆ ಇತ್ತು. ಅಂಗೈ ಅಗಲದ್ದು. ಅಲ್ಲಿ ಕೂದಲು ಬೆಳೆಯುತ್ತಿರಲಿಲ್ಲ, ಬಿಸಿಲಿಗೆ ಚರ್ಮ ಮಿಂಚುತ್ತಿತ್ತು. ಮೊದಲ ದಿನ ನಾನು ಅವರ ಶೆಡ್ಡಿಗೆ ಹೋದಾಗ ತೋಳು ಚಾಚಿ ಅದನ್ನೇ ತೋರಿಸಿದರು.

"ಇದು ಟರ್ಬೊ. ಪುಸ್ತಕದಾಗ ಓದಿ ಬಂದಿ, ಈಗ ಕಣ್ಣಿಲೆ ನೋಡು. ಎಂಜಿನ್ ಬಂದ್ ಮಾಡಿ ಕಾಲು ತಾಸಾಗಿತ್ತು. ಆದ್ರೂ ಹಿಂಗ ಸುಟ್ಟದ."

ಶಹಾಪುರದಿಂದ ಭೀಮರಾಯನಗುಡಿಗೆ ಹೋಗುವ ರಸ್ತೆಯ ಬದಿಗೆ ಅವರ ಗ್ಯಾರೇಜು. ತಗಡಿನ ಶೆಡ್ಡು, ಎದುರಿಗೆ ಒಂದು ಬೇವಿನ ಮರ. ನನ್ನ ಅಪ್ಪ ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ಜವಾನ. ಇಬ್ಬರದೂ ಒಂದೇ ಊರು, ಹಾಗಾಗಿ ನನಗೆ ಅವರು ಕಾಕಾ. ನಾನು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಕೆಲಸ ಕಲಿಯಲು ಅಲೆಯುತ್ತಿದ್ದಾಗ ಹುಡುಗಿಯನ್ನು ಒಳಗೆ ಬಿಡಲು ಯಾವ ಗ್ಯಾರೇಜಿನವರೂ ಒಪ್ಪಲಿಲ್ಲ. ಅಪ್ಪ ಸಂಕೋಚದಿಂದಲೇ ಕಾಕಾನ ಮುಂದೆ ನನ್ನನ್ನು ನಿಲ್ಲಿಸಿದರು. ಕಾಕಾ ಹೆಚ್ಚು ಯೋಚನೆ ಮಾಡಲಿಲ್ಲ. "ಕೂದಲ ಗಟ್ಟಿ ಕಟ್ಕೊ, ಬಳಿ ತಗದು ಬಾ" ಅಂದರು, ಅಷ್ಟೆ.

ಕಾಕಾ ಓದಿದ್ದು ಏಳನೆಯ ಇಯತ್ತೆ. ಟ್ರ್ಯಾಕ್ಟರು, ಜೀಪುಗಳ ಡೀಸೆಲ್ ಎಂಜಿನ್ನಿನಲ್ಲಿ ಕೈ ಪಳಗಿದವರು. ಹೊಸ ನಮೂನೆಯ ಸಣ್ಣ ಟರ್ಬೊ ಪೆಟ್ರೋಲ್ ಕಾರುಗಳು ಈ ಕಡೆ ಬರತೊಡಗಿದಾಗ ಉಳಿದ ಮೇಸ್ತ್ರಿಗಳು ನಮಗೆ ಬೇಡ ಎಂದು ಕೈ ತೊಳೆದುಕೊಂಡರು. ಕಾಕಾ ಮಾತ್ರ ಗುಜರಿಯಿಂದ ಅಂಥದೊಂದು ಎಂಜಿನ್ ತಂದು ಗೋಣಿಚೀಲದ ಮೇಲೆ ಬಿಚ್ಚಿ ಹರವಿ, ಆರು ತಿಂಗಳು ಅದರ ಮುಂದೆ ಕೂತರು. ಅವರ ನೋಟುಬುಕ್ಕಿನಲ್ಲಿ ದುಂಡಕ್ಷರದಲ್ಲಿ ಎಲ್ಲ ಬರೆದಿತ್ತು: ಮೂರು ಸಿಲಿಂಡರು, ಸಾವಿರ ಸಿಸಿಗೆ ಒಂದು ಕಡಿಮೆ, ನೂರಿಪ್ಪತ್ತು ಕುದುರೆ ಶಕ್ತಿ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಚಕ್ರ ನಿಮಿಷಕ್ಕೆ ಎರಡು ಲಕ್ಷ ಸುತ್ತು. ಅದರ ಕೆಳಗೆ ಕೆಂಪು ಶಾಯಿಯಲ್ಲಿ, "ಇಷ್ಟು ಸಣ್ಣದರಿಂದ ಇಷ್ಟು ಕೆಲಸ ತೆಗೆದರೆ ಎಣ್ಣೆಯೇ ಜೀವ."

ಗಾಡಿ ಬಂದರೆ ಏನಾಗಿದೆ ಎಂದು ಅವರು ಮೊದಲು ಕೇಳುತ್ತಿರಲಿಲ್ಲ. ಚಾಲಕ ಇಳಿಯುವಾಗ ಅವನ ಚಪ್ಪಲಿ ನೋಡುತ್ತಿದ್ದರು. "ಬಲಗಾಲಿಂದೇ ಸವದದ ಅಂದ್ರ ರೇಸ್ ಒತ್ತಾಂವ, ಗಾಡಿ ಕೇಳೂದೇ ಬ್ಯಾಡ" ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಅನ್ನುತ್ತಿದ್ದರು. ಆಮೇಲೆ ದಿನಕ್ಕೆ ಎಷ್ಟು ದೂರ ಓಡಿಸುತ್ತೀರಿ, ನಿಲ್ಲಿಸಿದ ಮೇಲೆ ಒಂದು ನಿಮಿಷ ಎಂಜಿನ್ ಹಾಗೇ ಓಡಲು ಬಿಡುತ್ತೀರೋ ಇಲ್ಲವೋ ಎಂದು ವಿಚಾರಣೆ. ಬೆರಳ ತುದಿಗೆ ಎಣ್ಣೆ ಹಚ್ಚಿ ಉಜ್ಜಿ, ಮೂಸಿ, ಅದರಲ್ಲಿ ಪೆಟ್ರೋಲ್ ವಾಸನೆ ಇದ್ದರೆ ನನಗೂ ಮೂಸಲು ಹೇಳುತ್ತಿದ್ದರು. ಆರು ತಿಂಗಳಲ್ಲಿ ನಾನು ಅಲ್ಲಿ ಕಲಿತದ್ದು ಮೂರು ವರ್ಷದ ಕಾಲೇಜಿನಲ್ಲಿ ಕಲಿತಿರಲಿಲ್ಲ. ಆ ಕಲಿಕೆಯ ಬಲದಿಂದಲೇ ಯಾದಗಿರಿಯ ಶೋರೂಮೊಂದರ ಸರ್ವಿಸ್ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತು. ಬಂದ ಗಾಡಿಯನ್ನು ಪರೀಕ್ಷಿಸಿ ಜಾಬ್ ಕಾರ್ಡ್ ಬರೆಯುವ ಕೆಲಸ.

ನಾವು ಮಾರುತ್ತಿದ್ದ ಒಂದು ಕಾರಿನ ಎಂಜಿನ್ನಿನ ಬಗ್ಗೆ ಕಾಕಾನಿಗೆ ಮೊದಲಿನಿಂದಲೂ ಅನುಮಾನ. ಅದರ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಟೈಮಿಂಗ್ ಬೆಲ್ಟು ರಬ್ಬರಿನದು, ಎಂಜಿನ್ನಿನ ಎಣ್ಣೆಯೊಳಗೇ ತಿರುಗುವಂಥದು. ಸದ್ದು ಕಡಿಮೆ, ಮೈಲೇಜು ಚೂರು ಹೆಚ್ಚು ಎಂದು ಕಂಪನಿ ಹೇಳುತ್ತಿತ್ತು. ಕಾಕಾ ತಲೆ ಅಲ್ಲಾಡಿಸುತ್ತಿದ್ದರು.

ಸುರಪುರದ ಒಬ್ಬ ಅರಳೆ ವ್ಯಾಪಾರಿಯ ಬಳಿ ಅದೇ ಕಾರಿತ್ತು. ಯಾದಗಿರಿ ದೂರವಾಗುತ್ತದೆಂದು ಅವರು ಎಣ್ಣೆ ಬದಲಿಸಲು ಕಾಕಾನ ಹತ್ತಿರ ಬರುತ್ತಿದ್ದರು. ಆ ಎಂಜಿನ್ನಿಗೆ ಬೇಕಾದ ಎಣ್ಣೆ ಶಹಾಪುರದಲ್ಲಿ ಸಿಗುತ್ತಿರಲಿಲ್ಲ. ನಮ್ಮ ಶೋರೂಮಿನ ಕೌಂಟರಿನಿಂದ ಡಬ್ಬಿ ಕೊಂಡು, ಊರಿಗೆ ಹೋಗುವಾಗ ಕಾಕಾನಿಗೆ ಒಯ್ದು ಕೊಡುತ್ತಿದ್ದವಳು ನಾನೇ.

ಒಂದು ದಿನ ವ್ಯಾಪಾರಿಯ ಕಾರು ಬಂದಾಗ ಕಾಕಾ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದರು. ಬೆಲ್ಟಿನ ಅಂಚು ಉಬ್ಬಿ ಬಿರುಕು ಬಿಟ್ಟಿತ್ತು.

"ಸಾವ್ಕಾರ್ರೆ, ನೀವು ದಿನಾ ಮನಿಯಿಂದ ಅಂಗಡಿಗಿ ಅಷ್ಟೇ ಓಡಸ್ತೀರಿ. ಎಂಜಿನ್ ಕಾಯೂದರಾಗ ಬಂದ್ ಮಾಡ್ತೀರಿ. ಸುಡದ ಪೆಟ್ರೋಲು ಎಣ್ಣಿಗಿ ಇಳಿತದ, ಆ ಎಣ್ಣ್ಯಾಗ ರಬ್ಬರು ಉಬ್ತದ. ಈಗ ಉದರಾಕತ್ತದ. ಆ ಚೂರು ಹೋಗಿ ಎಣ್ಣಿ ಎಳಿಯೋ ಜಾಳಗಿ ಕಟ್ಟಿದ್ರ ಎಂಜಿನ್ ಒಣಗಿ ಹಿಡಕೊಂತದ. ನಾ ಬಿಚ್ಚಿದ್ರ ನಿಮ್ಮ ವಾರಂಟಿ ಹೋಗ್ತದ. ಸೀದಾ ಶೋರೂಮಿಗಿ ಒಯ್ರಿ. ಅಲ್ಲಿತನಕ ದೂರದ ಹಾದಿಗಿ ಹಚ್ಚಬ್ಯಾಡ್ರಿ."

ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ನನ್ನ ಕೈಗೇ ಕೊಡಬೇಕೆಂದು ಹೇಳಿ ಕಳಿಸಿದರು.

ವ್ಯಾಪಾರಿ ಆ ಚೀಟಿ ತಂದು ಕೊಟ್ಟ ದಿನ ಶೋರೂಮಿನಲ್ಲಿ ಗಾಡಿಗಳ ಸಾಲು ಗೇಟಿನ ಹೊರಗಿನವರೆಗೂ ಇತ್ತು. ನಾನು ಮ್ಯಾನೇಜರಿಗೆ ಚೀಟಿ ತೋರಿಸಿದೆ. ಅವರು ಪೂರ್ತಿ ಓದಲಿಲ್ಲ.

"ಸ್ಕ್ಯಾನರಿನಾಗ ಏನರ ಬಂದದೇನು?"

"ಇಲ್ರಿ ಸರ್."

"ಮತ್ತ? ಶೆಡ್ಡಿನಾಂವ ಹೇಳ್ದ ಅಂತ ಎಂಜಿನ್ ಬಿಚ್ಕೋತ ಕೂಡೂದೇನು? ಕಾರ್ಡ್ ಕ್ಲೋಸ್ ಮಾಡು. ನಿಂದು ಕಾಯಂ ಆಗೋ ಕಾಗದ ಈ ತಿಂಗಳು ಮ್ಯಾಲೆ ಹೋಗೂದದ, ನೆನಪಿಟ್ಕೊ."

ಅವರು ಹೋದ ಮೇಲೆ ನಾನು ಕಾರಿನ ಹತ್ತಿರ ಹೋಗಿ, ಮುಚ್ಚಳ ತೆಗೆದು, ಟಾರ್ಚ್ ಬಿಟ್ಟೆ. ಬಿರುಕು ಕಂಡಿತು. ಅದನ್ನು ನೋಡಿದೆ, ನೋಡಿದೆನೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮುಚ್ಚಳ ತಿರುಗಿಸಿ ಹಾಕಿ, ಕಾರ್ಡಿನಲ್ಲಿ ಬರೆದೆ: ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ. ವ್ಯಾಪಾರಿ ಖುಷಿಯಿಂದ ಕೀಲಿ ಇಸಿದುಕೊಂಡು ಹೋದರು.

ಮೂರು ವಾರವೂ ಆಗಿರಲಿಲ್ಲ. ಒಂದು ಮುಂಜಾನೆ ಸುರಪುರದಲ್ಲಿ ವ್ಯಾಪಾರಿಯ ತಾಯಿಗೆ ಎದೆನೋವು ಬಂತು. ಕಲಬುರಗಿಯ ದವಾಖಾನೆಗೆ ಒಯ್ಯಲು ಅದೇ ಕಾರಿನಲ್ಲಿ ಮಲಗಿಸಿಕೊಂಡು ಹೊರಟರು. ಶಹಾಪುರ ದಾಟಿ ಜೇವರ್ಗಿ ಹಾದಿಯಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿತು. ಜೇವರ್ಗಿಯ ತನಕ ಹೋದರೆ ಸಾಕೆಂದು ಅವರು ನಿಲ್ಲಿಸಲಿಲ್ಲ. ಎಂಜಿನ್ ತಾನೇ ನಿಂತಿತು. ಎರಡೂ ಕಡೆ ಬರೀ ಹೊಲ, ಏರುವ ಬಿಸಿಲು. ಹಾದುಹೋಗುವ ಗಾಡಿಗಳಿಗೆ ಕೈ ಮಾಡಿ ಮಾಡಿ, ಕೊನೆಗೆ ಸಾಮಾನು ಸಾಗಿಸುವ ಒಂದು ಟೆಂಪೊ ನಿಂತು ಅವರನ್ನು ಹತ್ತಿಸಿಕೊಂಡಿತಂತೆ. ಜೇವರ್ಗಿ ಮುಟ್ಟುವುದರೊಳಗೆ ಆ ತಾಯಿ ಹೋಗಿಬಿಟ್ಟಿದ್ದರು.

ಕಾರನ್ನು ಎಳೆದು ನಮ್ಮಲ್ಲಿಗೆ ತಂದರು. ಎಂಜಿನ್ನಿನ ಕೆಳಗಿನ ತಟ್ಟೆ ಬಿಚ್ಚಿದಾಗ ಎಣ್ಣೆ ಎಳೆಯುವ ಜಾಳಿಗೆಯ ತುಂಬ ಕರಿ ರಬ್ಬರಿನ ಚೂರು ಮೆತ್ತಿತ್ತು. ಟರ್ಬೊದ ಚಕ್ರ ಬೆರಳಿಗೆ ಅಲುಗಲಿಲ್ಲ. ಕಾಕಾ ಚೀಟಿಯಲ್ಲಿ ಬರೆದಂತೆಯೇ ಎಲ್ಲ ಆಗಿತ್ತು. ಆ ಚೀಟಿ ಆಗಲೇ ಕಸದ ಬುಟ್ಟಿ ಸೇರಿತ್ತು. ಮ್ಯಾನೇಜರು ನನ್ನ ಪಕ್ಕ ನಿಂತು ಹೇಳಿ ಬರೆಸಿದರು: ಹೊರಗಿನ ಗ್ಯಾರೇಜಿನಲ್ಲಿ ನಕಲಿ ಎಣ್ಣೆ ಬಳಸಿದ್ದರಿಂದ ಎಂಜಿನ್ ಕೆಟ್ಟಿದೆ. ಆ ಎಣ್ಣೆಯ ಡಬ್ಬಿ ನನ್ನ ಕೈಯಿಂದ ಹೋದದ್ದು. ಆದರೂ ಬರೆದೆ, ಸಹಿ ಹಾಕಿದೆ.

ಮುಂದಿನ ರಜೆಯ ದಿನ ಊರಿಗೆ ಹೋದಾಗ ಗ್ಯಾರೇಜಿನ ಮುಂದೆ ಜನ ಸೇರಿದ್ದರು. ನಾನು ಬೇವಿನ ಮರದ ಹಿಂದೆ ನಿಂತುಬಿಟ್ಟೆ. ವ್ಯಾಪಾರಿ ನಾನು ಸಹಿ ಹಾಕಿದ ಕಾಗದವನ್ನು ಕಾಕಾನ ಮುಂದೆ ಹಿಡಿದಿದ್ದರು.

"ನೀನೇ ಶೋರೂಮಿಗಿ ಹೋಗಂದಿ, ಹೋದ್ನಿ. ಅವ್ರು ಏನೂ ಇಲ್ಲ ಅಂದ್ರು. ಈಗ ನೋಡಿದ್ರ ನಿನ್ನ ಎಣ್ಣಿ ನಕಲಿ ಅಂತ ಬರದಾರ. ನಮ್ಮವ್ವನ್ನ ಕೊಂದಿ ನೀ." ವ್ಯಾಪಾರಿಯ ದನಿ ಏರಿರಲಿಲ್ಲ.

ಕಾಕಾ ಕಾಗದ ಇಸಿದುಕೊಂಡು ಓದಿದರು. ನನ್ನ ಅಕ್ಷರ ಅವರಿಗೆ ಗೊತ್ತು, ಅವರ ನೋಟುಬುಕ್ಕಿನ ಕೊನೆಯ ಪುಟಗಳನ್ನು ಬರೆದವಳು ನಾನೇ. ತಲೆ ಎತ್ತಿದಾಗ ಮರದ ಹಿಂದಿದ್ದ ನನ್ನನ್ನು ಕಂಡರು. ಕರೆಯಲಿಲ್ಲ, ಬೆರಳು ತೋರಿಸಲಿಲ್ಲ.

"ನಾ ಹಾಕಿದ್ದು ಖರೇ ಎಣ್ಣಿನೇ ರೀ" ಅಂದರು. "ಆದ್ರ ನಿಮ್ಮವ್ವ ಹೋಗ್ಯಾಳ. ನಿಮ್ಮ ಮುಂದ ನಿಂತು ಇನ್ನ ಏನ್ ವಾದ ಮಾಡ್ಲಿ."

ನಾನು ಹಿಂದಿನ ಹಾದಿ ಹಿಡಿದು ಮನೆಗೆ ಹೋದೆ.

ನಕಲಿ ಎಣ್ಣೆಯ ಮಾತು ಶಹಾಪುರ, ಸುರಪುರದಲ್ಲೆಲ್ಲ ಹಬ್ಬಿತು. ಮೊದಲು ಕಾರುಗಳು ನಿಂತವು, ಆಮೇಲೆ ಟ್ರ್ಯಾಕ್ಟರಿನವರೂ ಬರುವುದು ಬಿಟ್ಟರು. ಮೂವತ್ತು ವರ್ಷ ಅವರ ಕೈಯಲ್ಲೇ ಗಾಡಿ ಬಿಟ್ಟಿದ್ದವರು ರಸ್ತೆಯಲ್ಲಿ ಎದುರಾದರೆ ಫೋನು ನೋಡುತ್ತ ದಾಟಿಹೋಗುತ್ತಿದ್ದರಂತೆ. ಕಾಕಾ ಯಾದಗಿರಿಯ ಆಚೆಯ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಇದೆಲ್ಲ ಅಪ್ಪನಿಂದ ತಿಳಿಯುತ್ತಿತ್ತು. ಅಪ್ಪನಿಗೂ ನಾನು ನಿಜ ಹೇಳಿರಲಿಲ್ಲ.

ಒಮ್ಮೆ ಯಾದಗಿರಿ ಬಸ್ ನಿಲ್ದಾಣದಲ್ಲಿ ಎದುರಿಗೇ ಸಿಕ್ಕರು. ಕಾರ್ಖಾನೆಯ ನೀಲಿ ಅಂಗಿ ಅವರಿಗೆ ದೊಡ್ಡದಾಗಿತ್ತು.

"ಕಾಯಂ ಆತೇನವ್ವಾ?"

"ಆತ್ರಿ ಕಾಕಾ."

"ಚಲೋ ಆತು."

ಇಬ್ಬರೂ ಬೆಂಚಿನ ಮೇಲೆ ಕೂತೆವು. ಅವರು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದರು. ಹೇಳಲು ಹೊತ್ತು ಬೇಕಾದಷ್ಟಿತ್ತು. ನಾನು ಅವರ ಹೆಂಡತಿ, ನನ್ನ ಚಿಗವ್ವ, ಹ್ಯಾಂಗಿದ್ದಾಳ ಎಂದು ಕೇಳಿದೆ, ಮಳೆಯ ಮಾತು ಆಡಿದೆ. ನನ್ನ ಬಸ್ಸು ಬಂತು, ಹತ್ತಿದೆ.

ಮರುವರ್ಷ ಕಾಕಾ ತೀರಿಕೊಂಡರು. ಕೆಲಸದಿಂದ ಬಂದು ಕಟ್ಟೆಯ ಮೇಲೆ ಕೂತವರು ಮತ್ತೆ ಏಳಲಿಲ್ಲವಂತೆ. ಮಣ್ಣಿಗೆ ನಾನು ಹೋಗಲಿಲ್ಲ, ರಜೆ ಸಿಗಲಿಲ್ಲ ಎಂದು ಅಪ್ಪನಿಗೆ ಹೇಳಿದೆ. ನಾನು ರಜೆ ಕೇಳಿಯೇ ಇರಲಿಲ್ಲ.

ಅದಾಗಿ ನಾಲ್ಕು ತಿಂಗಳಿಗೆ ಕಂಪನಿಯಿಂದ ಸುತ್ತೋಲೆ ಬಂತು. ಆ ಎಂಜಿನ್ನಿನ ಬೆಲ್ಟು ಎಣ್ಣೆಯಲ್ಲಿ ಉಬ್ಬಿ ಉದುರುವ ಸಂಭವವಿದೆ, ಎಲ್ಲ ಗಾಡಿಗಳದ್ದೂ ಪುಕ್ಕಟೆ ಬದಲಿಸಿಕೊಡಬೇಕು ಎಂದು. ಮ್ಯಾನೇಜರು ಅದನ್ನು ನೋಟಿಸ್ ಬೋರ್ಡಿಗೆ ಚುಚ್ಚಿ ಊಟಕ್ಕೆ ಹೋದರು. ನಾನು ಓದುತ್ತ ನಿಂತೆ. ಏಳನೆಯ ಇಯತ್ತೆ ಓದಿದ ಮನುಷ್ಯ ಚೀಟಿಯಲ್ಲಿ ಬರೆದ ನಾಲ್ಕು ಸಾಲೇ ಅಲ್ಲಿ ಇಂಗ್ಲಿಷಿನಲ್ಲಿ ಎರಡು ಪುಟವಾಗಿತ್ತು.

ಅದರ ಒಂದು ಪ್ರತಿ ಹಿಡಿದುಕೊಂಡು ಕಾಕಾನ ಮನೆಗೆ ಹೋದೆ. ಚಿಗವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಕೂತು ಎಲ್ಲ ಹೇಳಿದೆ. ಬಿರುಕು ನೋಡಿದ್ದು, ದೋಷವಿಲ್ಲ ಎಂದು ಬರೆದದ್ದು, ನಕಲಿ ಎಣ್ಣೆ ಎಂದು ಸಹಿ ಹಾಕಿದ್ದು. ಸುರಪುರಕ್ಕೂ ಹೋಗಿ ಸಾವ್ಕಾರರಿಗೆ ಹೇಳುತ್ತೇನೆ ಅಂದೆ. ಆಕೆ ಮೊರ ಕೆಳಗಿಟ್ಟಳು. ಕಾಗದ ಚಾಚಿದರೆ ಇಸಿದುಕೊಳ್ಳಲಿಲ್ಲ.

"ಅವ್ರಿಗಿ ಎಲ್ಲ ಗೊತ್ತಿತ್ತು" ಅಂದಳು ಕೊನೆಗೆ. "ಆ ಹುಡುಗಿ ಹೆಸರು ಹೇಳ್ರಿ, ನಿಮ್ಮ ಮರ್ಯಾದಿ ಉಳಿತದ ಅಂತ ನಾ ಎಷ್ಟ ಬಡಕೊಂಡ್ನಿ. ನಾ ಯಾಕ ಹೇಳ್ಲಿ, ಆಕಿನೇ ಬಂದು ಹೇಳ್ತಾಳ ಅಂತಿದ್ರು."

ಮೊರದೊಳಗಿಂದ ಒಂದು ಕಲ್ಲು ಆರಿಸಿ ಎಸೆದಳು.

"ಕಡೇಚೂರಿಗಿ ಹೋಗಾಕತ್ತ ಮ್ಯಾಲೂ ಐತವಾರ ಬಂತಂದ್ರ ಶೆಡ್ಡಿನ ಕೀಲಿ ತಗದು ಕೂಡ್ತಿದ್ರು. ಒಬ್ಬ ಗಿರಾಕಿ ಬರಂಗಿಲ್ಲ, ಸುಮ್ಮ ಯಾಕ ಕೂಡ್ತೀರಿ ಅಂತಿದ್ನಿ. ಆಕಿಗಿ ಐತವಾರ ಸೂಟಿ ಇರ್ತದ, ಮನಿಗಿ ಬರಾಕ ಆಕಿಗಿ ನಾಚಿಕಿ ಆಗಬಹುದು, ಇಲ್ಲಿಗಾದ್ರ ಬಂದಾಳು ಅಂತಿದ್ರು. ಸಾಯೋ ಹಿಂದಿನ ಐತವಾರನೂ ಹೋಗಿ ಕೂತು ಬಂದಾರ."

ಇಷ್ಟು ಹೇಳಿ ಚಿಗವ್ವ ಮೊರ ಎತ್ತಿಕೊಂಡು ಮತ್ತೆ ಜೋಳ ಕೇರತೊಡಗಿದಳು.